ಕಾನಿನಿಂದ ತಂದ ದರಗು

ಫೆಬ್ರವರಿ 6, ಗುರುವಾರ. ಬೆಳಗ್ಗೆ

ಎಂದಿನಂತೆ ಗೊಬ್ಬರದ ಗುಂಡಿಗಳಿಗೆ ನೀರು ಹೊಡೆದು ಬಂದೆ. ಕ್ಯಾಂಪಸ್‌ನಲ್ಲಿ ಇವತ್ತೂ ಹೊಗೆ ಇಲ್ಲ. ಹೋದ ವರ್ಷ ಇಷ್ಟು ಹೊತ್ತಿಗೆ ಮೂಲೆ ಮೂಲೆಯಲ್ಲಿ ಎಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಹಾಸ್ಟೆಲ್ ಹುಡುಗಿಯರು ಮೂಗಿಗೆ ವೇಲು ಸುತ್ತಿಕೊಂಡು ಓಡಾಡುತ್ತಿದ್ದರು. ಈಗ ವಿಶ್ವವಿದ್ಯಾಲಯದ ಆರ್ಡರ್ — ಒಂದು ಎಲೆಯನ್ನೂ ಸುಡುವಂತಿಲ್ಲ, ಎಲ್ಲ ಗೊಬ್ಬರವಾಗಬೇಕು. ಹಸಿರು ಸಮಿತಿಯ ಉಸ್ತುವಾರಿ ನಮ್ಮ ಮಹಾಂತೇಶನದು. ತಂಗಿ ಈಶ್ವರಮ್ಮನ ಮಗ, ಇಲ್ಲಿ ಲೆಕ್ಚರರ್. ಶಿಕಾರಿಪುರದ ಅವನ ಮನೆಯಲ್ಲೇ ನನ್ನ ಊಟ, ನಿದ್ದೆ. ಗೊಬ್ಬರದ ಗುಂಡಿ ನನ್ನ ಪಾಲಿಗೆ. ನಾನು ಶಾಲೆ ಕಂಡವನಲ್ಲ, ಬಸ್ಸಿನ ಬೋರ್ಡು ಓದಿ ಅಕ್ಷರ ಕಲಿತವನು. ಇಲ್ಲಿ ಹುಡುಗರು ‘ಉಜ್ಜಪ್ಪ ಸರ್’ ಅನ್ನುತ್ತಾರೆ... ಬೇರೆ ಯಾರನ್ನೋ ಕರೆದರು ಅಂತ ಹಿಂದೆ ತಿರುಗಿ ನೋಡುತ್ತೇನೆ.

ಒಂದೇ ತೊಂದರೆ. ನೀರು ಬಿದ್ದ ಎಲೆ ಕುಸಿದು ಗುಂಡಿಗಳೆಲ್ಲ ಅರ್ಧಕ್ಕೆ ಇಳಿದಿವೆ. ತಿಂಗಳ ಕೊನೆಗೆ ಮಾರ್ಕ್ಸ್ ಹಾಕಲು ಗ್ರೀನ್ ಆಡಿಟ್ ತಂಡ ಬರುತ್ತದೆ.

"ಖಾಲಿ ಗುಂಡಿ ತೋರ್ಸಿದ್ರೆ ಏನಂತಾರೆ ಮಾವ?" ಅಂತ ಮಹಾಂತೇಶನ ರಗಳೆ. ಇಲ್ಲಿನ ಅಕೇಶಿಯಾ ಎಲೆ ಕೊಳೆಯುವುದೂ ನಿಧಾನ. ಕಾನಿನ ಎಲೆಯಾದರೆ...

ಫೆಬ್ರವರಿ 9, ಭಾನುವಾರ

ಕ್ಯಾಸನೂರಿಗೆ ಹೋಗಿದ್ದೆ, ತಂಗಿ ಮನೆಗೆ. ಹಿತ್ತಲು ದಾಟಿದರೆ ಕಾನು, ದಟ್ಟ ಕಾಡು. ಮರದ ಬುಡದಲ್ಲಿ ಮೊಣಕಾಲುದ್ದ ತರಗೆಲೆ. ಲಗೇಜ್ ಆಟೊ ತುಂಬಿಸಲು ಹೊರಟೆ. ತಂಗಿ ಬಾಗಿಲಲ್ಲೇ ನಿಂತು ಗೊಣಗಿದಳು.

"ಈಗ್ಯಾಕಣ್ಣ ದರಗು? ಉಣುಗು ಕಚ್ಚಿ ಮಂಗನ ಕಾಯಿಲೆ ಬರೋ ಕಾಲ. ಮಳೆ ಬೀಳ್ಲಿ, ಆಮೇಲೆ ಒಯ್ಯಿ."

"ನೀನು ಮದುವೆಯಾಗಿ ಬಂದಾಗಿಂದ ಇಲ್ಲೇ ಇದೀಯಲ್ಲೇ. ಉಣುಗಿಗೂ ನಿನ್ನ ಕಂಡ್ರೆ ಹೆದ್ರಿಕೆ."

"ಹೂಂ, ನಗು. ಎಣ್ಣೆ ಹಚ್ಕಳ್ದೆ ಕಾನಿಗೆ ಹೋಗೋರಿಗೆ ಈ ಮನೇಲಿ ಕಾಫಿ ಇಲ್ಲ."

ಉಣುಗು ಹತ್ತದ ಹಾಗೆ ಆಸ್ಪತ್ರೆಯವರು ಕೊಟ್ಟ ಎಣ್ಣೆಯನ್ನು ನನಗೂ ಆಟೊದವನಿಗೂ ಬಳಿಸಿಯೇ ಕಾನಿಗೆ ಬಿಟ್ಟಳು. ಆಟೊ ತುಂಬಿಸಿ ಬಂದ ಮೇಲೆ ಕೊಟ್ಟ ಕಾಫಿ ಚೆನ್ನಾಗಿತ್ತು.

ಫೆಬ್ರವರಿ 11, ಮಂಗಳವಾರ

ಗುಂಡಿ ತುಂಬಿತು! ಹುಡುಗರೆಲ್ಲ ಸೇರಿದ್ದರು. ಎಲ್ಲರಿಗಿಂತ ಮುಂದೆ ನಾಗಶ್ರೀ — ಜಡೆ ಕಡೆಯ ಹುಡುಗಿ, ಎಂ.ಎಸ್ಸಿ. ಓದುತ್ತಾಳೆ. ಚಪ್ಪಲಿ ಬಿಟ್ಟು ಗುಂಡಿಗೆ ಇಳಿದು ಎಲೆ ತುಳಿದಳು.

"ತಾತ, ಥೇಟ್ ನಮ್ಮೂರ ವಾಸನೆ!"

"ಸರ್ ಅನ್ನಮ್ಮ. ಎಲ್ಲರೂ ಹಂಗೇ ಅಂತಾರೆ."

"ಸರ್‌ಗಳ ಗಡ್ಡದಲ್ಲಿ ಎಲೆ ಸಿಕ್ಕಿರಲ್ಲ ತಾತ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲೆ ಎಲ್ಲಿಯದು ಅಂತ ಮಹಾಂತೇಶ ಕೇಳಿದ. ಊರಿಂದ, ಅಂದೆ. ಯಾರದೋ ತೋಟದ್ದು ಅಂದುಕೊಂಡಿರಬೇಕು. ತುಂಬಿದ ಗುಂಡಿಯ ಫೋಟೊ ತೆಗೆದುಕೊಂಡು ಹೋದ.

ಫೆಬ್ರವರಿ 17, ಸೋಮವಾರ. ಸಂಜೆ

ನಾಗಶ್ರೀಗೆ ಜ್ವರವಂತೆ. ಎರಡು ಮೂರು ದಿನದಿಂದ. ತಲೆ ಸಿಡಿತ, ಮೈಕೈ ನೋವು. ಆಸ್ಪತ್ರೆಗೆ ಸೇರಿಸಿದ್ದಾರೆ. ಕಾಡಿಗೆ ಹೋಗಿದ್ದೆಯಾ ಅಂತ ಡಾಕ್ಟರ್ ಕೇಳಿದರಂತೆ. ಇಲ್ಲ ಅಂದಳಂತೆ. ನಿಜವೇ. ಅವಳು ಹೋಗಿಲ್ಲ.

ಕಾಡನ್ನೇ ಆಟೊದಲ್ಲಿ ಹೇರಿಕೊಂಡು ಬಂದವನು ನಾನು. ಅವಳು ಬರಿಗಾಲಲ್ಲಿ ತುಳಿದಳು. ಕಾನಿಗೆ ಹೋದ ನನ್ನ ಕಾಲಿಗೆ ಎಣ್ಣೆ ಇತ್ತು...

ಈಗ ಹೇಳಿದರೆ ಗುಂಡಿ ಮುಚ್ಚಿಸುತ್ತಾರೆ. ತಂಡದ ಮುಂದೆ ಮಹಾಂತೇಶನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ?

ತಂಗಿಗೆ ಕಾಗದ ಬರೆಯಲು ಕೂತೆ. ‘ಈಶ್ವರಿ, ನಿನ್ನ ಮಾತು ಕೇಳಬೇಕಿತ್ತು’ — ಅಲ್ಲಿಗೇ ಪೆನ್ನು ನಿಂತಿತು.

ಫೆಬ್ರವರಿ 18, ಮಂಗಳವಾರ

ಬೆಳಗ್ಗೆ ಮಹಾಂತೇಶ ಹಲ್ಲುಜ್ಜುತ್ತಿದ್ದ. ಅಲ್ಲೇ ಹೇಳಿಬಿಟ್ಟೆ.

"ಕಾನಿಂದ? ಈ ಟೈಮಲ್ಲಿ?" ನೊರೆ ಉಗುಳಿದ. "ಅವ್ವ ಬಿಟ್ಳಾ?"

"ಬ್ಯಾಡ ಅಂದ್ಳು. ನಾನೇ ಕೇಳ್ಲಿಲ್ಲ."

"ಅಲ್ಲ ಮಾವ, ಇನ್ನೇನು ತಂಡ ಬರೋ ಹೊತ್ತಿಗೆ..." ಅಂದವನು ಅಲ್ಲೇ ತಡೆದ. ನನ್ನ ಮುಖ ನೋಡಿದ. "ಬೈಕ್ ಹತ್ರಿ."

ಡಾಕ್ಟರ್ ಪೂರ್ತಿ ಕೇಳಿದರು. "ಇದನ್ನ ನಿನ್ನೆನೇ ಹೇಳ್ಬೇಕಿತ್ತಲ್ರೀ ಯಜಮಾನ್ರೇ" ಅಂದರು. ರಕ್ತ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಯಿತು. ಗುಂಡಿಗೆ ಇಳಿದ ಹುಡುಗರನ್ನೆಲ್ಲ ಕರೆಸಿ ನೋಡಿದರು. ಮತ್ಯಾರಿಗೂ ಜ್ವರ ಇಲ್ಲ. ಗುಂಡಿಗಳಿಗೆ ಉಣುಗು ಸಾಯುವ ಪುಡಿ ಹೊಡೆದು ಟಾರ್ಪಾಲು ಮುಚ್ಚಿದರು.

ವರಾಂಡದ ಬೆಂಚಿನ ಮೇಲೆ ನಾಗಶ್ರೀಯ ಅಪ್ಪ ಹೂವಪ್ಪ. ಅವನಿಗೂ ಹೇಳಿದೆ. ಎದ್ದು ಹೊಡೆದಿದ್ದರೂ ನಿಂತಿರುತ್ತಿದ್ದೆ. ಅವನು ಸ್ವಲ್ಪ ಸರಿದು ಜಾಗ ಮಾಡಿದ.

"ಕೂತ್ಕಳಿ" ಅಂದ. ಅಷ್ಟೇ.

ಫೆಬ್ರವರಿ 20, ಗುರುವಾರ. ಮಧ್ಯಾಹ್ನ

ನೆಗೆಟಿವ್.

ಮಂಗನ ಕಾಯಿಲೆ ಅಲ್ಲ. ಟೈಫಾಯಿಡ್. ಟೈಫಾಯಿಡ್ ಅಂತ ಕೇಳಿ ಕೈಮುಗಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮಾತ್ರೆ, ಇಂಜೆಕ್ಷನ್‌ಗೆ ಬಗ್ಗುವ ಜ್ವರ ಅಂದರು ಡಾಕ್ಟರ್. ಗೋಡೆ ಹಿಡಿದೆ. ಹೂವಪ್ಪ ರಟ್ಟೆಗೆ ಕೈ ಹಾಕಿದ.

"ಎಂತ ಮಾರಾಯ್ರೇ! ಹುಷಾರಿಲ್ದಿರೋದು ನನ್ ಮಗಳಿಗೆ. ನೀವು ಬಿದ್ರೆ ಯಾರು ನೋಡ್ಕಳದು?" ಕಣ್ಣು ಒರೆಸಿಕೊಂಡ. "ನಿಮ್ಮ ದರಗಿಗೆ ಬೈಯೋಣ ಅಂತಿದ್ದೆ. ಈಗ ಇವ್ಳು ದಿನಾ ತಿಂತಿದ್ದ ಆ ಪಾನಿಪೂರಿ ಗಾಡಿಯವನನ್ನ ಹುಡುಕ್ಬೇಕು."

ಮಂಚದಿಂದ ಸಣ್ಣ ದನಿ — "ಅಪ್ಪಾ, ಅವ್ನಿಗೆ ಏನೂ ಅನ್ಬೇಡ. ಪಾಪ."

ಮೂರು ದಿನದ ಮೇಲೆ ಇವತ್ತು ಅನ್ನದ ರುಚಿ ಗೊತ್ತಾಯಿತು. ತಂಗಿಯ ಕಾಗದ ಮುಗಿಸಿ ಅಂಚೆ ಡಬ್ಬಿಗೆ ಹಾಕಿದೆ.

ಫೆಬ್ರವರಿ 27, ಗುರುವಾರ

ನಾಗಶ್ರೀ ಡಿಸ್ಚಾರ್ಜ್ ಆಗಿ ಜಡೆಗೆ ಹೋದಳು.

ತಂಡ ಬಂದಿತ್ತು. ಟಾರ್ಪಾಲು ಯಾಕೆ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಹಾಂತೇಶ ಹೇಳಿದ — ಗುಂಡಿ ತುಂಬಿದ ಹಾಗೆ ಕಾಣಲಿ ಅಂತ ಅವಸರ ಮಾಡಿದವರು ನಾವು. ಇನ್ನು ಮೇಲೆ ಕ್ಯಾಂಪಸ್ಸಿನ ಎಲೆ ಮಾತ್ರ, ಹೊರಗಿನದು ಗೇಟಿನೊಳಗೆ ಬರುವಂತಿಲ್ಲ, ಗುಂಡಿಗೆ ಇಳಿಯುವವರಿಗೆ ಗಂಬೂಟು. ಅವರು ತಲೆಯಾಡಿಸಿ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ.

"ಮಾರ್ಕ್ಸ್ ಹೋದ್ರೆ ಹೋಗ್ಲಿ ಮಾವ. ಹುಡುಗಿ ಉಳಿದ್ಲಲ್ಲ" ಅಂದ.

ತಂಗಿ ಫೋನ್ ಮಾಡಿದ್ದಳು. "ನಾನು ಹೇಳಿದ್ದು ಸರಿ ಅಂತ ನೀನು ಬರ್ದಿದ್ದು ಇದೇ ಮೊದ್ಲು ಅಣ್ಣ. ಫ್ರೇಮ್ ಹಾಕಿಸ್ತೀನಿ."

ಹಾಕಿಸಲಿ.

ಮಾರ್ಚ್ 10, ಸೋಮವಾರ. ಕ್ಯಾಂಪಸ್ ಗೇಟು

ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ನಾಗಶ್ರೀ ಬರುತ್ತಾಳಂತೆ. ನಿನ್ನೆ ಫೋನಿನಲ್ಲಿ ಜಗಳ — "ನಾನಿಲ್ದೆ ಟಾರ್ಪಾಲು ತೆಗೆದ್ರೆ ಮಾತಾಡ್ಸಲ್ಲ ತಾತ." ಮಳೆ ಬೀಳುವ ತನಕ ಯಾರೂ ತೆಗೆಯುವುದಿಲ್ಲ ತಾಯಿ, ನೀನೂ ಅದರ ಹತ್ತಿರ ಹೋಗಕೂಡದು ಅಂದೆ.

ಎರಡು ಬಸ್ಸು ಹೋದವು. ಎರಡಕ್ಕೂ ಎದ್ದು ನಿಂತೆ. ವಾಚ್‌ಮನ್ ನಗುತ್ತಿದ್ದಾನೆ.

ಇದು ಸೊರಬ ಕಡೆಯದೇ. ನಿಂತಿತು. ಮೊದಲು ಹೂವಪ್ಪ ಇಳಿದ. ಕೈ ಕೊಟ್ಟರೆ ಹಿಡಿಯದೆ ತಾನೇ ಇಳಿಯುತ್ತಿದ್ದಾಳೆ. ಸೊರಗಿದ್ದಾಳೆ. ನಗು ಮಾತ್ರ ಹಾಗೇ ಇದೆ... ಅಯ್ಯೋ, ಅಷ್ಟು ದೊಡ್ಡ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದಾಳಲ್ಲ — ಏ ಹುಡುಗಿ, ಕೊಡಿಲ್ಲಿ —