ಐದೇ ಕೋಲು

ಅಶೋಕ,

ನಿನ್ನ ಗಾಲ್ಫ್ ಚೀಲದಲ್ಲಿ ಆರು ಕೋಲಿದ್ದವು. ಇವತ್ತಿನ ಕ್ಯಾಡಿಗಳ ಪಂದ್ಯಕ್ಕೆ ಐದೇ ಅಂತ ನೀನೇ ಹೇಳಿದ್ದೆ. ಒಂದು ಹೆಚ್ಚಾದರೂ ಆಟದಿಂದ ಹೊರಗೆ ಹಾಕುತ್ತಾರೆ. ಗೆದ್ದವನಿಗೆ ಕೊಡುವ ಕೋಚ್ ಕೆಲಸವೂ ಕೈತಪ್ಪಿ, ಜನ್ಮಪೂರ್ತಿ ಇನ್ನೊಬ್ಬರ ಚೀಲ ಹೊರಬೇಕಾಗುತ್ತದೆ.

ಕೂಗಿದರೂ ನೀನು ಏಳಲಿಲ್ಲ. ಅದಕ್ಕೇ ನೀನು ಚೀಲ ಹೊರುವ ಸಾಹೇಬರು ಕೊಟ್ಟ, ದೂರ ಹೊಡೆಯುವ ಆ ದೊಡ್ಡ ಡ್ರೈವರ್ ಕೋಲನ್ನು ನಾನೇ ತೆಗೆದು ಬೀರುವಿನ ಮೇಲಿಟ್ಟಿದ್ದೇನೆ. "ವೆಡ್ಜ್ ಬೇಕಾದ್ರೆ ಬಿಡ್ತೀನಿ ಕಣಕ್ಕಾ, ಇದನ್ನ ಬಿಟ್ರೆ ಸಾಹೇಬ್ರು ಬೇಜಾರ್ ಮಾಡ್ಕೋತಾರೆ" ಅಂತ ನಿನ್ನೆ ರಾಗ ಎಳೆದೆಯಲ್ಲ, ಮಾಡಿಕೊಳ್ಳಲಿ! ಆಡುವವನು ನೀನು. ಮರಳಿಗೆ ಬಿದ್ದ ಚೆಂಡನ್ನು ಸಾಹೇಬರು ಬಂದು ಎತ್ತುತ್ತಾರೇನು? ಅದನ್ನು ಎತ್ತಿ ಹೊಡೆಯಲು ವೆಡ್ಜ್ ಕೋಲು ಇರಲೇಬೇಕು. ಕೊನೆಯ ಗುಂಡಿ ಇರುವುದು ಕ್ಲಬ್ಬಿಗೆಂದು ನಮ್ಮಿಂದ ಕಿತ್ತುಕೊಂಡ ರಾಗಿ ಹೊಲದಲ್ಲಿ. ಅದರ ಇಳಿಜಾರು ನೇಗಿಲು ಹಿಡಿದ ನಿನಗೆ ಗೊತ್ತು. ಜೋರಾಗಿ ಬೀಸಿದರೆ ಚೆಂಡು ನೇರ ಕೆರೆಗೇ.

ಮುದ್ದೆ, ಸಾರು ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ನಾನು ಚನ್ನರಾಯಪಟ್ಟಣದಲ್ಲಿ ಭೂಮಿ ಉಳಿಸಲು ರೈತರು ಕೂತಿರುವ ಧರಣಿಗೆ ಹೊರಟೆ. ಭಾಷಣ ಮುಗಿಸಿ ಮಧ್ಯಾಹ್ನ ಬರುತ್ತೇನೆ. ಆ ಕ್ಲಬ್ಬಿನ ಗೇಟು ಮಾತ್ರ ದಾಟುವುದಿಲ್ಲ, ಬೇಲಿಯಾಚೆ ರಸ್ತೆಯಲ್ಲೇ ನಿಂತಿರುತ್ತೇನೆ. ನನ್ನ ಕಡೆ ತಿರುಗಬೇಡ, ಚೆಂಡು ನೋಡು.

ಅಕ್ಕ