ಬಿಚ್ಚಿಟ್ಟ ಸೀರೆ ಗಾರ್ಡ್

ಆಳಂದ
ಭಾನುವಾರ, 16 ಫೆಬ್ರುವರಿ 2025

ಪ್ರೀತಿಯ ಶಿವಕಾಂತಾಗೆ ನಿನ್ನ ಜಗದೇವ ಮಾಡುವ ಶರಣಾರ್ಥಿ.

ಗಂಡನಾದವನು ಹೆಂಡತಿಗೆ ಶರಣಾರ್ಥಿ ಬರೆಯುವುದು ಯಾವ ಊರಿನ ಪದ್ಧತಿ ಎಂದು ನಗಬೇಡ. ಕೊನೆಯವರೆಗೆ ಓದಿದರೆ ಯಾಕೆ ಬರೆದೆ ಎಂದು ತಿಳಿಯುತ್ತದೆ. ಫೋನ್ ಇರುವಾಗ ಕಾಗದ ಯಾಕೆ ಎಂದೂ ಕೇಳಬೇಡ. ಫೋನಿನಲ್ಲಿ ನಮ್ಮ ಮಾತು ಎಷ್ಟಿರುತ್ತದೆ ಎಂದು ನಿನಗೇ ಗೊತ್ತು. ಊಟ ಆಯಿತೇ ಎಂದು ನಾನು, ಆಯಿತು ಎಂದು ನೀನು. ಕಾಲು ಹೇಗಿದೆ ಎಂದು ನಾನು, ಇದೆ ಎಂದು ನೀನು. ಆಮೇಲೆ ಯಡ್ರಾಮಿಯಲ್ಲಿ ನಿಮ್ಮ ಅಣ್ಣನ ಮನೆಯ ಟಿ.ವಿ. ಸಪ್ಪಳ ಮಾತ್ರ ನನಗೆ ಕೇಳುತ್ತಿರುತ್ತದೆ. ನೀನು ತವರಿಗೆ ಹೋದ ಎಂಟು ತಿಂಗಳಿನಿಂದ ಇಷ್ಟೇ ನಡೆದಿದೆ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮನೆ ಬಿಕೋ ಅನ್ನುತ್ತದೆ. ಬೆಳಿಗ್ಗೆ ಬಸ್ಸು ಹಿಡಿದು ಕಡಗಂಚಿಯ ಕ್ಯಾಂಪಸ್ಸಿಗೆ ಹೋಗುತ್ತೇನೆ, ಹುಡುಗರು ತಿರುಗಿ ಕೊಟ್ಟ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತೇನೆ, ಸಂಜೆ ಖಾನಾವಳಿಯಲ್ಲಿ ಉಂಡು ಮನೆಗೆ ಬರುತ್ತೇನೆ. ಒಲೆ ಹಚ್ಚುವುದು ಚಹಾಕ್ಕೆ ಮಾತ್ರ. ಪಕ್ಕದ ಮನೆಯ ಜೈತುನಬಿ ಶುಕ್ರವಾರಕ್ಕೊಮ್ಮೆ ಬಿಸಿ ರೊಟ್ಟಿ ಕಳಿಸುತ್ತಾರೆ. ಮೊದಮೊದಲು ಗೋಡೆಯ ಮೇಲಿಂದ ತಟ್ಟೆ ಕೊಡುವಾಗ "ಶಿವಕಾಂತಾ ಯಾವಾಗ ಬರ್ತಾಳ್ರಿ ಅಣ್ಣಾರ?" ಎಂದು ಕೇಳುತ್ತಿದ್ದರು. ಕಾಲು ಗಟ್ಟಿಯಾದ ಮೇಲೆ ಬರುತ್ತಾಳೆ ಎನ್ನುತ್ತಿದ್ದೆ. ದೀಪಾವಳಿಯ ನಂತರ ಅವರು ಕೇಳುವುದನ್ನೇ ಬಿಟ್ಟರು. ಕೇಳುತ್ತಿದ್ದಾಗಲೇ ಚೆನ್ನಾಗಿತ್ತು.

ಈಗ ಮುಖ್ಯ ಸುದ್ದಿ. ನಮ್ಮ ಗಾಡಿ ಎದ್ದು ನಿಂತಿದೆ. ಹೌದು, ನಾವು ಬಿದ್ದ ಅದೇ ಬೈಕು. ಗುಜರಿಗೆ ಹಾಕಿ ಎಂದು ಎಲ್ಲರೂ ಹೇಳಿದ್ದರಲ್ಲ, ಅಂಗಳದ ಮೂಲೆಯಲ್ಲಿ ತಾಡಪತ್ರಿ ಹೊದ್ದು ಬಿದ್ದಿತ್ತಲ್ಲ, ಅದನ್ನು ದಸರೆಯ ರಜೆಯಲ್ಲಿ ಬಿಚ್ಚಲು ಕೂತೆ. ಭಾನುವಾರ ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ. ಒಬ್ಬನೇ ಇದ್ದು ಇದ್ದು ಗಾಡಿಯ ಜೊತೆ ಮಾತಾಡುವ ಚಟವೂ ಬಿತ್ತು. ಅದೂ ನಿನ್ನ ಹಾಗೆಯೇ, ತಿರುಗಿ ಒಂದು ಮಾತು ಆಡುವುದಿಲ್ಲ.

ಹಿಟ್ಟು ನಾದುವ ನಿನ್ನ ದೊಡ್ಡ ಪರಾತವನ್ನು ನಟ್ಟು-ಬೋಲ್ಟು ಇಡಲು ತೆಗೆದುಕೊಂಡೆ. ಬೈಯಬೇಡ, ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಶಾಂತಲಿಂಗಪ್ಪ ಗೊತ್ತಲ್ಲ, ಈಗ ಮಗನಿಗೆ ಅದನ್ನು ಬಿಟ್ಟುಕೊಟ್ಟು ಮನೆಯಲ್ಲಿರುತ್ತಾರೆ. ಭಾನುವಾರ ಬಂದು ಕಟ್ಟೆಯ ಮೇಲೆ ಕೂತು ಹೇಳಿಕೊಡುತ್ತಿದ್ದರು, ಕೈ ಮಾತ್ರ ಹಚ್ಚುತ್ತಿರಲಿಲ್ಲ. ಮುಂದಿನ ಗಾಲಿಯನ್ನು ಹಿಡಿಯುವ ಎರಡು ಪೈಪು ಕಲ್ಲಿಗೆ ಬಡಿದು ಬಗ್ಗಿದ್ದವು. ಬಡಿದು ನೆಟ್ಟಗೆ ಮಾಡಿಸುತ್ತೇನೆ ಎಂದೆ. ಬೇಡ ಎಂದರು. "ಬಗ್ಗಿದ್ದು ಕಣ್ಣಿಗೆ ನೆಟ್ಟಗ ಕಾಣ್ತದ್ರಿ. ಬ್ರೇಕ್ ಹಿಡದಾಗ ತನ್ನ ಹಳೆ ಬುದ್ಧಿ ತೋರಸ್ತದ" ಎಂದರು. ಕಲಬುರಗಿಯಿಂದ ಹೊಸ ಪೈಪು ತಂದೆ. ಪೆಟ್ರೋಲ್ ಟಾಕಿಯ ತಗ್ಗು ತೆಗೆದು ಬಣ್ಣ ಹಚ್ಚಿಸಿದೆ. ಮುಂದಿನ ದೀಪ, ಹ್ಯಾಂಡಲ್, ಬ್ರೇಕಿನ ತಂತಿ, ಎಲ್ಲ ಹೊಸವು.

ಆದರೆ ಗಾಡಿ ಮೊದಲಿನಂತಿಲ್ಲ. ನೀನು ಹೊರಡುವಾಗ ಬಾಗಿಲ ಹಿಂದೆ ಹಳೆ ಚಪ್ಪಲಿ ಬಿಟ್ಟು ಹೋಗಿದ್ದೆ. ಎಡಗಾಲಿನದು ಒಂದೇ ಮಗ್ಗುಲಿಗೆ ಸವೆದಿದೆ. ಅದನ್ನು ಇಟ್ಟು ಅಳತೆ ತೆಗೆದು ಎಡಗಡೆ ಅಗಲವಾದ ಒಂದು ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದ್ದೇನೆ, ನಿನ್ನ ಪಾದ ಪೂರ್ತಿ ಊರುವಷ್ಟು ದೊಡ್ಡದು. ಸೀಟನ್ನು ಮೂರು ಬೆರಳು ತಗ್ಗಿಸಿದ್ದೇನೆ. ಕೈಹಿಡಿಕೆ ಹಾಕಿಸಿದ್ದೇನೆ. ಚೈನು ಹೊರಗೆ ಕಾಣದಂತೆ ಪೂರ್ತಿ ಮುಚ್ಚಿಸಿದ್ದೇನೆ. ಕ್ಯಾಂಪಸ್ಸಿನ ಹುಡುಗರು ನೋಡಿದರೆ ಹಾಲು ಹಾಕುವವರ ಗಾಡಿ ಎಂದು ನಗುತ್ತಾರೆ. ನಗಲಿ. ಅವರ ನಗೆಗೆ ಹೆದರಿಯೇ ನಾನು ಒಮ್ಮೆ ಕೆಟ್ಟಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಚಹಾ ಮಾಡಿಕೊಂಡು ಕುಡಿದೆ. ಮುಂದಿನದನ್ನು ಬರೆಯಲಿಕ್ಕೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಚೈನು ಬಿಚ್ಚಿದ ಭಾನುವಾರ ಹಿಂದಿನ ಗಾಲಿಯ ಒಳಗೆ, ಹಲ್ಲುಗಾಲಿಯ ಸಂದಿಯಲ್ಲಿ, ಹಸಿರು ದಾರ ಸುತ್ತಿಕೊಂಡಿತ್ತು. ನಿನ್ನ ಇಳಕಲ್ ಸೀರೆಯ ಸೆರಗಿನದು. ಗ್ರೀಸಿನಲ್ಲಿ ಕಪ್ಪಾಗಿತ್ತು, ತುದಿ ಮಾತ್ರ ಹಸಿರು ಉಳಿದಿತ್ತು. ಸೂಜಿ ಹಿಡಿದು ಒಂದೊಂದೇ ಎಳೆ ತೆಗೆಯುತ್ತಾ ಮಧ್ಯಾಹ್ನದವರೆಗೆ ಕೂತೆ. ಶಾಂತಲಿಂಗಪ್ಪ ಕಟ್ಟೆಯಿಂದ ಇಳಿದು ಬಂದರು. ದಾರ ನೋಡಲಿಲ್ಲ. ಗಾಡಿಯ ಎಡಗಡೆ, ಸೆರಗು ಗಾಲಿಗೆ ಸಿಗದಂತೆ ಕಾಯುವ ಸೀರೆ ಗಾರ್ಡ್ ಕೂರುವ ಜಾಗದಲ್ಲಿ ಬೆರಳು ಆಡಿಸಿದರು. ಅಲ್ಲಿ ನಾಲ್ಕು ತೂತುಗಳಿವೆ. "ಬಿದ್ದಾಗ ಗಾರ್ಡ್ ಕಿತ್ತು ಹೋಯ್ತು ಅಂದಿದ್ರಿ. ಕಿತ್ತು ಹೋಗಿದ್ರ ಈ ತೂತು ಹರೀತಿದ್ದವು. ಇದು ಪಾನಾ ಹಚ್ಚಿ ಬಿಚ್ಚಿದ್ದು" ಎಂದರು. ನಾನು ಇನ್ನೊಂದು ಎಳೆಗೆ ಸೂಜಿ ಹಾಕಿದೆ. ಅವರು ಕೈ ತೊಳೆದುಕೊಂಡರು. "ಮನ್ಯಾಗ ಗೊತ್ತದ ಏನ್ರಿ?" ಎಂದು ಒಂದೇ ಮಾತು ಕೇಳಿ ಹೋದರು. ಆಮೇಲಿನ ಎರಡು ಭಾನುವಾರ ಬರಲಿಲ್ಲ.

ಶಿವಕಾಂತಾ, ಗಾರ್ಡ್ ಕಿತ್ತು ಹೋಗಿರಲಿಲ್ಲ. ನಾನು ಬಿಚ್ಚಿದ್ದೆ.

ಅತನೂರಿನಲ್ಲಿ ನಿನ್ನ ಚಿಕ್ಕಪ್ಪನ ಬಸುರಿ ಮಗಳಿಗೆ ಕುಬಸ ಇತ್ತಲ್ಲ, ಅದರ ಹಿಂದಿನ ದಿನ ಸಂಜೆ ಬಿಚ್ಚಿದೆ. ಆ ವಾರ ಕ್ಯಾಂಪಸ್ಸಿನಲ್ಲಿ ಒಬ್ಬ ಹುಡುಗ ನನ್ನ ಗಾಡಿ ಪಕ್ಕ ತನ್ನದನ್ನು ನಿಲ್ಲಿಸಿ, "ಅಂಕಲ್, ಸೀರಿ ಗಾರ್ಡ್ ಇರೋದು ಮುದುಕರ ಗಾಡೀಗಿ ಅಷ್ಟ" ಎಂದು ನಕ್ಕಿದ್ದ. ಮೂವತ್ತೆಂಟು ವರ್ಷದವನಿಗೆ ಆ ಮಾತು ನಾಟಬಾರದು, ನಾಟಿತು. ನಿಮ್ಮ ಕಡೆಯವರ ಮುಂದೆ ಚಂದದ ಗಾಡಿ ಮೇಲೆ ಇಳಿಯಬೇಕು ಎನಿಸಿತು. ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕು ಬೋಲ್ಟು ಬಿಚ್ಚಿ ಗಾರ್ಡನ್ನು ಬಚ್ಚಲ ಗೋಡೆಗೆ ಆನಿಸಿಟ್ಟೆ. ಬೋಲ್ಟುಗಳು ಅಂಗಳದಲ್ಲಿ ಎಲ್ಲೋ ಉರುಳಿದವು, ಹುಡುಕಲೂ ಇಲ್ಲ. ಬೆಳಿಗ್ಗೆ ಕತ್ತಲು ಹರಿಯುವ ಮೊದಲೇ ಹೊರಟೆವು. ನೀನು ಎಂದಿನಂತೆ ಎಡಕ್ಕೆ ಕಾಲು ಇಳಿಬಿಟ್ಟು ಕೂತೆ. ಎಂದಿನ ಜಾಗದಲ್ಲಿ ಎಂದಿನ ಕಬ್ಬಿಣ ಇದೆ ಎಂದು ನಂಬಿಯೇ ಕೂತಿರಬೇಕು.

ಅಫಜಲಪುರ ದಾಟಿ, ಅತನೂರು ಇನ್ನೇನು ಬಂತು ಎನ್ನುವಾಗ ಆದದ್ದು ನಿನಗೆ ನೆನಪಿದೆ. ಸೆರಗು ಗಾಲಿಗೆ ಹೋಯಿತು, ಗಾಲಿ ಕಚ್ಚಿ ನಿಂತಿತು, ಗಾಡಿ ಕಿಲೋಮೀಟರ್ ಕಲ್ಲಿಗೆ ಹೊಡೆಯಿತು. ನಿನ್ನ ಪಾದ ಅಡಿಗೆ ಸಿಕ್ಕಿತು, ನನ್ನ ಬಲಗೈ ಮುರಿಯಿತು. ಎತ್ತಿದವರಲ್ಲಿ ಒಬ್ಬ ಹಿರಿಯರು "ಗಾಡೀಗಿ ಗಾರ್ಡ್ ಇರಲಿಲ್ಲೇನು?" ಎಂದು ಕೇಳಿದರು. ಬಿದ್ದಾಗ ಕಿತ್ತು ಹೋಗಿರಬೇಕು ಎಂದೆ. ಅದು ತಾನಾಗಿ ಬಾಯಿಗೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ನಿಮ್ಮ ಅಣ್ಣ ಗುರಣ್ಣ ಮರುದಿನ ಆ ಜಾಗಕ್ಕೆ ಹೋಗಿ ಜಾಲಿಯ ಮುಳ್ಳಿನಲ್ಲಿ ಅರ್ಧ ದಿನ ಗಾರ್ಡ್ ಹುಡುಕಿದನಂತೆ. ಸಿಗಲಿಲ್ಲ ಎಂದು ಆಸ್ಪತ್ರೆಗೆ ಬಂದು ನನ್ನ ಬಳಿಯೇ ಬೇಜಾರು ಮಾಡಿಕೊಂಡ. ಅವನ ಕೈ ತುಂಬಾ ಮುಳ್ಳಿನ ಗೀರು ಇದ್ದವು.

ಅಲ್ಲಿಂದ ಎಲ್ಲರೂ ನಿನ್ನ ಸೆರಗಿನ ಮಾತೇ ಆಡಿದರು. ಅವ್ವ ಬಂದವರಿಗೆಲ್ಲ "ಸೆರಗ ಸಂಭಾಳಿಸಾಕ ಬರಂಗಿಲ್ಲ, ನನ್ನ ಮಗನ ಕೈ ಮುರದ್ಳು" ಎಂದು ಹೇಳಿದಳು. ನಾನು ಅಲ್ಲೇ ಕೂತು ಕೇಳಿದೆ. ನಿನಗೇ ಹಾಗೆ ಅನಿಸತೊಡಗಿತು. ಕಾಲಿಗೆ ರಾಡು ಹಾಕಿದ ಮೂರನೆಯ ದಿನ ನೀನು ನನ್ನ ಪ್ಲಾಸ್ಟರಿನ ಮೇಲೆ ಕೈಯಿಟ್ಟು ಹೇಳಿದ್ದು ನೆನಪಿದೆಯೇ? "ನನ್ನ ಸೆರಗಿಂದ ನಿಮ್ಮ ಕೈ ಮುರೀತು. ಹೊಟ್ಟ್ಯಾಗ ಹಾಕ್ಕೋರಿ" ಎಂದೆ. ನಾನು ಏನು ಹೇಳಿದೆ ಗೊತ್ತೇ? "ಆಗೂದು ಆಗಿ ಹೋತು ಬಿಡು, ನಾ ಏನೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ" ಎಂದೆ. ನನ್ನ ತಪ್ಪಿಗೆ ನಾನು ನಿನ್ನನ್ನು ಕ್ಷಮಿಸಿದೆ, ಶಿವಕಾಂತಾ. ಗಾಡಿ ಬಿದ್ದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ನಿನಗಿಂತ ಮೂರು ವಾರ ಮೊದಲು ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಗಾರ್ಡನ್ನು ಯೂರಿಯಾ ಚೀಲದಲ್ಲಿ ಸುತ್ತಿದ್ದು. ಒಂದೇ ಕೈಯಲ್ಲಿ ಸುತ್ತಿ, ಜೋಳದ ಪೀಪಾಯಿಯ ಹಿಂದೆ ಗೋಡೆಗೆ ಒತ್ತಿ ಇಟ್ಟೆ. ಅಂದಿನಿಂದ ಅತ್ತ ಕಡೆ ಹೋಗಿಲ್ಲ.

ಆಮೇಲೆ ನೀನು ಮನೆಗೆ ಬಂದೆ, ಕೋಲು ಹಿಡಿದು ಓಡಾಡತೊಡಗಿದೆ. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ನಿನ್ನ ಮಾತು ಕಡಿಮೆಯಾಯಿತು. "ನೀವು ನನಗ ಏನರೆ ಹೇಳೂದು ಅದ ಏನ್ರಿ?" ಎಂದು ಒಮ್ಮೆ ಊಟಕ್ಕೆ ಬಡಿಸುವಾಗ ಕೇಳಿದೆ, ಒಮ್ಮೆ ಅಂಗಳದಲ್ಲಿ ಕಸ ಹೊಡೆಯುತ್ತಾ ಕೇಳಿದೆ. ಜೂನ್ ತಿಂಗಳಲ್ಲಿ ಗುರಣ್ಣ ಕರೆಯಲು ಬಂದ ದಿನ, ಚೀಲ ಹಿಡಿದು ಹೊಸ್ತಿಲ ಮೇಲೆ ನಿಂತು ಮತ್ತೆ ಅದನ್ನೇ ಕೇಳಿದೆ. "ಗುಳಿಗಿ ಮರೀಬ್ಯಾಡ, ಹೋಗಿ ಮುಟ್ಟಿದ ಮ್ಯಾಲೆ ಫೋನ್ ಮಾಡು" ಎಂದೆ ನಾನು. ನೀನು ಅವ್ವನ ಮಾತಿಗೆ ಬೇಸತ್ತು ಹೋದೆ ಎಂದೇ ತಿಳಿದಿದ್ದೇನೆ. ತಪ್ಪೇನಿಲ್ಲ, ಯಾರಾದರೂ ಹೋಗುತ್ತಿದ್ದರು.

ನೀನು ಹೋದ ಮೇಲೆ ಹಳ್ಳಿಗೆ ಹೋಗಿ ಕೂತಿದ್ದ ಅವ್ವ ಮೊನ್ನೆ ಬಂದಾಗ ಎಲ್ಲ ಹೇಳಿದೆ. "ಆ ಹುಡುಗಿ ಕಾಲಿಗಿ ಎಣ್ಣಿ ಹಚ್ಚುವಾಗೆಲ್ಲ ಬೈದೀನಲ್ಲೋ. ನಿನಗ ಬಾಯಿ ಇರಲಿಲ್ಲೇನು?" ಎಂದು ಕೇಳಿ, ನಾನು ಮಾಡಿಕೊಟ್ಟ ಚಹಾ ಮುಟ್ಟದೆ ಎದ್ದು ಹೋದಳು. ಎಲ್ಲರಿಗಿಂತ ಮೊದಲು ಕೇಳಬೇಕಾದವಳು ನೀನು, ನಿನಗೆ ಹೇಳುವುದು ಕೊನೆಗೆ ಆಯಿತು. ನಿನ್ನ ಮುಂದೆ ಹೇಳುವುದೇ ಎಲ್ಲಕ್ಕಿಂತ ಕಷ್ಟ.

ಬರುವ ಬುಧವಾರ ಬಿಟ್ಟು ಅದರ ಮುಂದಿನ ಬುಧವಾರ ಶಿವರಾತ್ರಿ, ರಜೆ ಇದೆ. ಗಾಡಿಗೆ ಉಳಿದಿರುವುದು ಗಾರ್ಡ್ ಒಂದೇ. ನಾಳೆ ಅದನ್ನು ಹೊರಗೆ ತೆಗೆದು, ಹೊಸ ಬೋಲ್ಟು ತಂದು ಕೂರಿಸುತ್ತೇನೆ. ಶಿವರಾತ್ರಿಯ ದಿನ ಜೇವರ್ಗಿ ದಾಟಿ ಯಡ್ರಾಮಿಗೆ ಅದರ ಮೇಲೆಯೇ ಬರುತ್ತೇನೆ. ನೀನು ಹಿಂದೆ ಕೂರಬೇಕೆಂದು ಕೇಳುವುದಿಲ್ಲ. ಇದನ್ನೆಲ್ಲ ಗುರಣ್ಣನ ಮುಂದೆ ನನ್ನ ಬಾಯಿಂದ ಹೇಳುತ್ತೇನೆ, ಆಮೇಲೆ ನೀನು ಹೇಳಿದ ಹಾಗೆ. ಬಾ ಎಂದರೆ ಕರೆದುಕೊಂಡು ಬರುತ್ತೇನೆ, ಹೋಗು ಎಂದರೆ ಒಬ್ಬನೇ ಬರುತ್ತೇನೆ. ನೀನಿಲ್ಲದೆ ನನಗೆ ಬಹಳ ಒಂಟಿ ಅನಿಸುತ್ತದೆ, ಆದರೆ ಅದು ನೀನು ತಿರುಗಿ ಬರಬೇಕಾದ ಕಾರಣವಲ್ಲ ಎಂದು ನನಗೆ ಗೊತ್ತು.

ನಿನಗೆ ತಲೆಬಾಗಿ,
ಜಗದೇವ

ತಾ.ಕ.

ಸೋಮವಾರ. ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ಈಗ ಪೀಪಾಯಿ ಸರಿಸಿ ಚೀಲ ಹೊರಗೆ ತೆಗೆದೆ. ಗಾರ್ಡಿನ ಸರಳಿಗೆ ಒಂದು ಸಣ್ಣ ಬಟ್ಟೆಯ ಗಂಟು ಕಟ್ಟಿತ್ತು. ನಾನು ಕಟ್ಟಿದ್ದಲ್ಲ. ಬಿಚ್ಚಿದರೆ ಒಳಗೆ ನಾಲ್ಕು ಬೋಲ್ಟು, ಅಂಗಳದಲ್ಲಿ ನಾನು ಕಳೆದಿದ್ದವು. ಕಟ್ಟಿದ ಬಟ್ಟೆ ನಿನ್ನ ಹಸಿರು ಇಳಕಲ್ ಸೀರೆಯ ಹರಿದ ಸೆರಗಿನ ತುಂಡು.

ಅಂದರೆ ಆಸ್ಪತ್ರೆಯಿಂದ ಬಂದ ಮೇಲೆ ನೀನು ಗಾರ್ಡ್ ನೋಡಿದ್ದೀ. ಕಸ ಹೊಡೆಯುತ್ತಾ ಬೋಲ್ಟು ಆರಿಸಿದ್ದೀ. ಎರಡನ್ನೂ ಕೂಡಿಸಿ, ಇದ್ದ ಜಾಗದಲ್ಲೇ ಇಟ್ಟು, ನನ್ನನ್ನು ಮೂರು ಸಲ ಕೇಳಿದ್ದೀ. ದಿನಾ ಆ ಪೀಪಾಯಿಗೆ ಕೈ ಹಾಕುವವಳು ನೀನೇ ಎಂಬುದು, ಒಂದು ದಿನವೂ ಜೋಳ ತೆಗೆಯದ ನನಗೆ, ಬಚ್ಚಿಡುವಾಗ ಹೊಳೆಯಲೇ ಇಲ್ಲ. ನೀನು ಹೋದದ್ದು ಅವ್ವನ ಮಾತಿಗಲ್ಲ.

ಗಾರ್ಡ್ ಕೂರಿಸಲಿಲ್ಲ. ಗಾಡಿ ಅಂಗಳದಲ್ಲೇ ಇರಲಿ. ಶಿವರಾತ್ರಿಗೆ ಬಸ್ಸಿನಲ್ಲಿ ಬರುತ್ತೇನೆ, ಗಾರ್ಡನ್ನು ಚೀಲ ಸುತ್ತದೆ ಕೈಯಲ್ಲಿ ಹಿಡಿದುಕೊಂಡು. ದಾರಿಯಲ್ಲಿ ಇದೇನು ಎಂದು ಯಾರು ಕೇಳಿದರೂ ಹೇಳುತ್ತೇನೆ. ಹೊಸ್ತಿಲ ಮೇಲೆ ನಿಂತು ನೀನು ಕೇಳಿದ್ದಕ್ಕೆ ಉತ್ತರ ಇಲ್ಲೇ ಬರೆದಿಡುತ್ತೇನೆ. ನಿನಗ ಹೇಳೂದು ಇತ್ತು, ಶಿವಕಾಂತಾ.