ಅಂಡಮಾನಿಗೆ ಹಿಡಿದಿಟ್ಟ ಸೀಟು

ರಾಣೆಬೆನ್ನೂರು
9 ನವೆಂಬರ್ 2025

ಪ್ರೀತಿಯ ತಸ್ಲೀಮ್ ಟೀಚರ್‌ಗೆ ಶೈಲಾಳ ನಮಸ್ಕಾರಗಳು.

ನಾವಿಲ್ಲಿ ಆರಾಮ. ನೀವು ಹಾವೇರಿಯಲ್ಲಿ ಮಗಳ ಮನೆಗೆ ಹೊಂದಿಕೊಂಡಿದ್ದೀರಿ ಎಂದು ಕೇಳಿದೆ. ರಿಟೈರ್ ಆದ ಮರುದಿನವೇ ಬರೆಯಬೇಕಿತ್ತು, ಐದು ತಿಂಗಳು ತಡವಾಯಿತು. ಕಾರಣ ಹುಡುಕಿದರೆ ಒಂದೂ ಸಿಗುವುದಿಲ್ಲ, ಮನೆಯಲ್ಲಿ ಖಾಲಿಯೇ ಕೂತಿದ್ದೇನೆ. ಎರಡು ಸಲ ನಿಮ್ಮ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಕ್ಷಮಿಸಿ.

ಸುದ್ದಿ ಏನೆಂದರೆ, ಅಂಡಮಾನಿಗೆ ಟಿಕೆಟ್ ತೆಗೆಸಿದ್ದೇನೆ. ಜನವರಿ ಹದಿನೇಳಕ್ಕೆ ಬೆಂಗಳೂರಿನಿಂದ ವಿಮಾನ. ನೆನಪಿದೆಯಲ್ಲ? ನಮ್ಮ ಶಾಲೆಯ ಭಾರತದ ನಕಾಶೆಯಲ್ಲಿ ಅಂಡಮಾನ್ ಇದ್ದ ಮೂಲೆಯನ್ನು ಇಲಿ ತಿಂದಿತ್ತು. ನೀವು ಹಿಂದಿನಿಂದ ಕಾಗದ ಅಂಟಿಸಿ ಹಸಿರು ಪೆನ್ನಿನಿಂದ ಚುಕ್ಕೆ ಇಟ್ಟಿರಿ. ಅಂದು ಸಂಜೆ ಬಸ್ಸಿನಲ್ಲಿ, "ರಿಟೈರ್ ಆದ ಮ್ಯಾಲೆ ಇಬ್ರೂ ಹೋಗೂಣ್ರಿ. ನಾ ಇಟ್ಟ ಚುಕ್ಕಿ ಖರೇನ ಅದಾವೋ ಇಲ್ಲೋ ನೋಡಿ ಬರೂಣು" ಎಂದಿರಿ. ಆಮೇಲೆ ದಿನಾ ಶಾಲೆಗೆ ಹೋಗುವ ಕಾಗಿನೆಲೆ ಬಸ್ಸಿನಲ್ಲಿ ಅದೇ ಮಾತು. ಯಾವ ಟೋಪಿ, ಎಷ್ಟು ರೊಟ್ಟಿ, ಹಡಗಿನಲ್ಲಿ ವಾಂತಿ ಬಂದರೆ ಲಿಂಬೆಹಣ್ಣು ಯಾರ ಚೀಲದಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಇಡೀ ಬಸ್ಸು ಸೀನುತ್ತಿದ್ದರೆ ನೀವು ಮೂಗಿಗೆ ಸೆರಗು ಹಿಡಿದು ಸಮುದ್ರದ ಮಾತೇ ಆಡುತ್ತಿದ್ದಿರಿ.

ನಮ್ಮವರು ಬರುವುದಿಲ್ಲ. "ಅಲ್ಲೇನೈತಿ, ಬರೇ ನೀರು. ನಂಗ ತುಂಗಭದ್ರಾನ ಸಾಕು" ಎಂದು ಪೇಪರ್ ಹಿಡಿದು ಕೂತರು. ಟಿಕೆಟ್ ತೆಗೆಯುತ್ತಿದ್ದ ಅಳಿಯ ಸುನೀಲಕುಮಾರ, "ಹಂಗಾರ ಎರಡನೇ ಸೀಟು ಯಾರ ಹೆಸರಿಗ್ರಿ, ಅತ್ತಿ?" ಎಂದ. ನಿಮ್ಮ ಹೆಸರು ಹೇಳಿದೆ.

"ಅವರ್ನ ಕೇಳೀರೇನ್ರಿ?"

"ಕೇಳ್ತೇನಿ. ನೀ ಮೊದ್ಲ ಸೀಟು ಹಿಡಿ."

ಹುಟ್ಟಿದ ದಿನ ಕೇಳಿದ. ಇಬ್ಬರದೂ ಜೂನ್ ಒಂದು, ಇಸವಿಯೂ ಒಂದೇ. ಚಿಕ್ಕಂದಿನಲ್ಲಿ ನಮ್ಮನ್ನು ಶಾಲೆಗೆ ಸೇರಿಸಿಕೊಂಡು ತಾರೀಖು ಬರೆದ ಹೆಡ್‌ಮಾಸ್ತರರ ಕೃಪೆ. ಆ ಕೃಪೆಯಿಂದಲೇ ಒಂದೇ ದಿನ ರಿಟೈರ್ ಆದೆವು. ಬೀಳ್ಕೊಡುಗೆಯ ಫೋಟೋದಲ್ಲಿ ನೀವು ಆ ತುದಿ, ನಾನು ಈ ತುದಿ. ನಡುವೆ ಐದು ಜನ ಹಾರ ಹಾಕಿಕೊಂಡು ನಿಂತಿದ್ದಾರೆ.

ತಯಾರಿ ನಡೆದಿದೆ. ಟೋಪಿ ತಂದೆ. ಉಸುಕಿನಲ್ಲಿ ನಡೆಯಲು ರಬ್ಬರ್ ಚಪ್ಪಲಿ ತಂದೆ. ಸುನೀಲ ಮೊಬೈಲಿನಲ್ಲಿ ಅಲ್ಲಿಯ ನೀಲಿ ನೀರು ತೋರಿಸಿ "ಹೆಂಗೈತ್ರಿ?" ಎಂದರೆ "ಛಲೋ ಐತಿ" ಎಂದೆ. ನಿಜ ಹೇಳಬೇಕೆಂದರೆ ಏನೂ ಅನಿಸಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗಾಗಿದೆ ನನಗೆ. ಸಂತೋಷವಿಲ್ಲ, ದುಃಖವೂ ಇಲ್ಲ. ಬೆಳಿಗ್ಗೆ ಏಳೂವರೆಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬರುತ್ತೇನೆ. ಹೋಗುವುದಾದರೂ ಎಲ್ಲಿಗೆ ಎಂದು ಅಲ್ಲೇ ನಿಲ್ಲುತ್ತೇನೆ.

ನೀವು ಒಲ್ಲೆ ಎನ್ನುತ್ತೀರಿ ಎಂಬ ಭಯವೊಂದು ಮಾತ್ರ ಇದೆ. ಬಸ್‌ಸ್ಟ್ಯಾಂಡಿನಲ್ಲಿ ನಾನು ಮೊದಲು ಹತ್ತಿ ಪಕ್ಕದ ಸೀಟಿಗೆ ಕರ್ಚೀಫು ಹಾಕುವುದು, ಮುಂದಿನ ಸ್ಟಾಪಿನಲ್ಲಿ ನೀವು ಹತ್ತಿ ಕೂರುವುದು, ಹದಿನೇಳು ವರ್ಷ ಹೀಗೇ ನಡೆದಿತ್ತು. ಕರ್ಚೀಫೂ ಅದಕ್ಕೆಂದೇ ನೀವು ಕೊಟ್ಟಿದ್ದು. ಎರಡು ವರ್ಷದ ಹಿಂದೆ ಆ ಒಂದು ಗುರುವಾರ ನಿಮಗೆ ಸೀಟು ಇರಲಿಲ್ಲ. ಕದರಮಂಡಲಗಿ ದಾಟಿತು, ನಿಂತೇ ಬಂದಿರಿ. ಬ್ಯಾಡಗಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು, ಆಗಲೂ ಕೂರಲಿಲ್ಲ. ಕಾಗಿನೆಲೆಯಲ್ಲಿ ಇಳಿದ ಮೇಲೆ, "ಇವತ್ತ ಸೀಟು ಹಿಡೀಲಿಲ್ಲೇನ್ರಿ?" ಎಂದು ಕೇಳಿದಿರಿ. "ಮರ್ತೇರಿ" ಎಂದೆ. "ಇರ್ಲಿ ಬಿಡ್ರಿ" ಎಂದು ನಕ್ಕಿರಿ. ಮರುದಿನದಿಂದ ನಮ್ಮ ಬಸ್ಸು ಬಿಟ್ಟು ಏಳು ಗಂಟೆಯ ಬಸ್ಸು ಹಿಡಿಯತೊಡಗಿದಿರಿ. ಯಾಕೆಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ.

ನಿಮ್ಮ ಮಗಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ಮಂಡಿನೋವು ಹೇಗಿದೆ? ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ,
ಶೈಲಾ

ತಾ.ಕ.: ನಾನು ಮರೆತಿರಲಿಲ್ಲ. ಕರ್ಚೀಫು ಸೀಟಿನ ಮೇಲೇ ಇತ್ತು. ಆ ವಾರ ಬಸ್ಸಿನ ತುಂಬ ನಿಮ್ಮ ಮಂದಿ, ನಮ್ಮ ಮಂದಿ ಎಂಬ ಮಾತೇ ಆಗಿತ್ತು, ನಿಮಗೂ ಗೊತ್ತು. ನಮ್ಮ ಓಣಿಯ ಜಯವ್ವ ಹತ್ತಿ ಬಂದು "ಇದು ಯಾರ ಸೀಟ್ರಿ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು, ಮತ್ತೇನೂ ಅನ್ನಲಿಲ್ಲ. ನಿಮ್ಮ ಹೆಸರು ನನ್ನ ಬಾಯಿಂದ ಬರಲಿಲ್ಲ. "ಯಾರದೂ ಅಲ್ಲರಿ, ಕುಂದ್ರಿ" ಎಂದು ಕರ್ಚೀಫು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಅದು ಇನ್ನೂ ಅಲ್ಲೇ ಇದೆ. ಇದನ್ನು ಓದಿದ ಮೇಲೆ ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಕಿಟಕಿ ಪಕ್ಕದ ಸೀಟು ನಿಮ್ಮದು. ನೀವು ಬರದಿದ್ದರೂ, ವಿಮಾನದಲ್ಲಿ ಯಾರಾದರೂ ಅದು ಯಾರ ಸೀಟು ಎಂದು ಕೇಳಿದರೆ, ನಿಮ್ಮ ಹೆಸರು ಹೇಳುತ್ತೇನೆ.